ಸಿಸ್ಟರ್ ಮುಟ್ಟದ ಬಾಗಿಲು

ನನ್ನನ್ನು ನೋಡಬೇಕಾದರೆ ಸಿಸ್ಟರ್ ನನ್ನ ಪಕ್ಕಕ್ಕೆ ನೋಡುತ್ತಿದ್ದರು. ವಯಸ್ಸಾಗಿ ಕಣ್ಣಿನ ನಡುವಿನ ನೋಟ ಹೋಗಿತ್ತು, ಅಂಚಿನದಷ್ಟೇ ಉಳಿದಿತ್ತು. ಯಾರದಾದರೂ ಮುಖ ಕಾಣಬೇಕೆಂದರೆ ಆ ಮುಖದಿಂದ ಒಂದು ಗೇಣು ಆಚೆ ದೃಷ್ಟಿ ನೆಡಬೇಕು. ನಲವತ್ತು ವರ್ಷ ಡಾಕ್ಟರೊಬ್ಬರ ಹೆಂಡತಿಯಾಗಿದ್ದ ನನಗೆ ಇದೇನೂ ಹೊಸ ವಿಷಯವಲ್ಲ. ಆದರೂ ಅವರೆದುರು ಕೂತಾಗ ನನ್ನ ಎಡಭುಜದ ಹತ್ತಿರ ಇನ್ನೊಬ್ಬರು ಬಂದು ಕೂತಿದ್ದಾರೆ, ಸಿಸ್ಟರ್ ಮಾತಾಡುತ್ತಿರುವುದು ಅವರೊಡನೆ ಎಂದು ಅನ್ನಿಸಿ, ಒಂದೆರಡು ಸಲ ತಿರುಗಿ ನೋಡಿದ್ದೇನೆ.

ಅವರು ತೀರಿಕೊಂಡು ಮೂರು ವಾರ ಆಗುತ್ತ ಬಂತು. ಹೆಸರು ಬರೆಯುವುದಿಲ್ಲ. ಬದುಕಿದ್ದರೆ ಬರೆಯಲು ಬಿಡುತ್ತಲೂ ಇರಲಿಲ್ಲ, "ನಾನು ಎಂತ ಮಹಾ ಕೆಲಸ ಮಾಡಿದ್ದು ಡಾಕ್ಟ್ರಮ್ಮ?" ಅನ್ನುತ್ತಿದ್ದರು. ಡಾಕ್ಟರು ನನ್ನ ಯಜಮಾನರು, ನಾನಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅವರ ಊರು ಮಂಗಳೂರಿನ ಆಚೆ, ಹೊಳೆಯ ಬದಿ. ಹತ್ತೊಂಬತ್ತಕ್ಕೆ ಸನ್ಯಾಸಿನಿಯಾಗಲು ಕಾನ್ವೆಂಟು ಸೇರಿ, ಇಪ್ಪತ್ತಮೂರಕ್ಕೆ ಹಡಗು ಹತ್ತಿ ಜೆರುಸಲೇಮಿಗೆ ಹೋದವರು. ಅಲ್ಲಿ ಮೂವತ್ತು ವರ್ಷ, ಆಮೇಲೆ ಲಂಡನ್. ಊರಿಗೆ ಹೋದದ್ದು ಎರಡೇ ಸಲ, ಎರಡೂ ಸಲ ಯಾರೋ ಸತ್ತಾಗ.

ನಾನು ಅವರನ್ನು ಮೊದಲು ಕಂಡದ್ದು ಯಜಮಾನರು ತೀರಿಹೋದ ವರ್ಷ. ಈಸ್ಟ್ ಹ್ಯಾಮ್‌ನ ಫ್ಲ್ಯಾಟಿನಲ್ಲಿ ಒಬ್ಬಳೇ ಕೂತು ಕೂತು ನನ್ನ ಬ್ಲಡ್ ಪ್ರೆಶರು ಏರುತ್ತಿದೆಯೆಂದು ಜಿಪಿ ಡಾಕ್ಟರು ಬೈದು, ತನ್ನ ಕ್ಲಿನಿಕ್ಕಿನ ನೋಟಿಸ್ ಬೋರ್ಡು ತೋರಿಸಿದಳು. ಕಣ್ಣು ಕಾಣದ ವಯಸ್ಸಾದ ಸಿಸ್ಟರೊಬ್ಬರಿಗೆ ಪತ್ರ, ಪುಸ್ತಕ ಓದಿ ಹೇಳುವವರು ಬೇಕು, ಕನ್ನಡ ಬಂದರೆ ಒಳ್ಳೆಯದು ಎಂದು ಒಂದು ಚೀಟಿ. ಲಂಡನ್ನಿನಲ್ಲಿ ಕನ್ನಡ ಬೇಕು ಎಂಬ ಚೀಟಿ! ಮುಂದಿನ ಬುಧವಾರವೇ ಹೊರಟೆ. ಡಿಸ್ಟ್ರಿಕ್ಟ್ ಲೈನಿನ ಟ್ಯೂಬ್ ರೈಲಿನಲ್ಲಿ ನಾಲ್ಕು ಸ್ಟಾಪು. ಹಳಿಯ ಪಕ್ಕದಲ್ಲೇ ಕೆಂಪು ಇಟ್ಟಿಗೆಯ ಮನೆ.

ಬಾಗಿಲು ತೆರೆದವರು ಅಲ್ಲಿನ ಮುಖ್ಯಸ್ಥೆ, ಐರಿಷ್ ಹೆಂಗಸು. ಈಗ ಯಾರೂ ಮದರ್ ಅನ್ನುವುದಿಲ್ಲವಂತೆ, ಆದರೆ ಕಾನ್ವೆಂಟಿನಲ್ಲಿ ಕಲಿತ ನನ್ನ ಬಾಯಿಗೆ ಮದರ್ ಎಂದೇ ಬರುತ್ತದೆ. ಟಾಯ್ಲೆಟ್ ಎಲ್ಲಿ ಎಂದು ಕೇಳಿದೆ. ಮದರ್ ಕೈ ಎತ್ತಿ ತೋರಿಸುವ ಮೊದಲೇ ನನ್ನ ಕಾಲು ಹೊರಟುಬಿಟ್ಟಿತ್ತು. ಎಡಗಡೆ ಪ್ರಾರ್ಥನೆಯ ಚಾಪೆಲ್, ಬಲಗಡೆ ಉದ್ದ ಕಾರಿಡಾರು, ಸಾಲಾಗಿ ಬಾಗಿಲುಗಳು, ಪ್ರತಿ ಬಾಗಿಲ ಮೇಲೆ ನೀಲಿ ಅಕ್ಷರದ ಬಿಳಿ ಫಲಕ: ಸೇಂಟ್ ಆನ್, ಸೇಂಟ್ ಜೋಸೆಫ್, ಸೇಂಟ್ ಮಾರ್ಥಾ. ಓದುವ ಅಗತ್ಯವೇ ಇರಲಿಲ್ಲ, ಮುಂದಿನದು ಯಾವುದೆಂದು ಗೊತ್ತಿತ್ತು. ಏಳನೆಯ ಬಾಗಿಲು ದಾಟಿದರೆ ಅಂಗಳ, ಅಂಗಳದಲ್ಲಿ ಬಾವಿ, ಬಾವಿಯ ಹಿಂದೆ ಪಾಯಖಾನೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಿರುಸಾಗಿ ನಡೆದೆ. ಹಣೆ ಧಡ್ ಎಂದು ಮರಕ್ಕೆ ಬಡಿಯಿತು. ಅಂಗಳವಿರಬೇಕಾದಲ್ಲಿ ಇನ್ನೊಂದು ಬಾಗಿಲು ಇತ್ತು.

ನಾನು ಬಂದಿದ್ದ ಮನೆ ಲಂಡನ್ನಿನದು. ನಡೆದದ್ದು ಧಾರವಾಡದಲ್ಲಿ ನಾನು ಹತ್ತು ವರ್ಷ ಕಲಿತ ಕಾನ್ವೆಂಟಿನ ಕಾರಿಡಾರಿನಲ್ಲಿ.

ಒಂದು ರೂಮಿನಿಂದ ಗೋಡೆ ಸವರುತ್ತ ಸಣ್ಣ ಆಕೃತಿಯೊಂದು ಹೊರಗೆ ಬಂತು. ಬೂದು ಸ್ಕರ್ಟು, ಬಿಳಿ ಕಾರ್ಡಿಗನ್, ಕಾಲಲ್ಲಿ ಶಾಲೆಯ ಮಕ್ಕಳ ಹಾಗೆ ಪಟ್ಟಿ ಅಂಟಿಸುವ ಬೂಟು. ಇಂಗ್ಲಿಷಿನಲ್ಲಿ, ಯಾರು ಬಡಿದುಕೊಂಡದ್ದು ಎಂದು ಕೇಳಿದರು. ನಾನು ಹಣೆ ಹಿಡಿದುಕೊಂಡು "ಅಯ್ಯ ಶಿವನ" ಅಂದೆ.

"ಕನ್ನಡವಾ?" ಅಂದರು, ನನ್ನ ಭುಜದ ಪಕ್ಕಕ್ಕೆ ನೋಡುತ್ತ. "ನೋವುಂಟಾ? ಅಲ್ಲಿ ಬಾಗಿಲುಂಟೆಂದು ಗೊತ್ತಿರ್ಲಿಲ್ವಾ?"

"ನಮ್ಮ ಕಾನ್ವೆಂಟಿನಾಗ ಏಳಽ ಇದ್ದೂ ರೀ, ಸಿಸ್ಟರ್. ಎಂಟನೇದ್ದು ಇರಲಿಲ್ಲ."

ಸಿಸ್ಟರ್ ಗೋಡೆ ಬಿಟ್ಟು ಹತ್ತಿರ ಬಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ತಣ್ಣಗಿತ್ತು, ಹಿಡಿತ ಬಿಗಿಯಾಗಿತ್ತು. ನನ್ನದು ಯಾವ ಶಾಲೆ ಎಂದು ಕೇಳಿದರು, ಕೇಳಿ, ಅದೂ ನಮ್ಮದೇ ಮನೆ ಎಂದರು.

ಅವರ ಆರ್ಡರಿನಲ್ಲಿ, ಅಂದರೆ ಅವರ ಸನ್ಯಾಸಿನಿಯರ ಸಂಘದಲ್ಲಿ, ಒಂದು ಪದ್ಧತಿ. ಯಾವ ದೇಶದಲ್ಲಿ ಮನೆ ಕಟ್ಟಿದರೂ ರೂಮುಗಳ ಸಾಲು, ಸಂತರ ಹೆಸರು, ಚಾಪೆಲ್ಲಿನ ದಿಕ್ಕು ಎಲ್ಲ ಜೆರುಸಲೇಮಿನ ಮೂಲ ಮನೆಯಂತೆಯೇ ಇರಬೇಕು. ಎಲ್ಲಿಗೆ ವರ್ಗವಾದರೂ ಸಿಸ್ಟರೊಬ್ಬಳು ಯಾರನ್ನೂ ಕೇಳದೆ ತನ್ನ ಜಾಗಕ್ಕೆ ಹೋಗಿ ಸೇರಬೇಕು ಎಂದು ಮೊದಲ ಮದರ್ ಮಾಡಿದ ನಿಯಮ. ಧಾರವಾಡದ್ದು ಆ ಅಚ್ಚಿನದು, ಬಹಳ ಹಿಂದೆ ಕಟ್ಟಿದ್ದು. ಲಂಡನ್ನಿನದು ಯಾರದೋ ಹಳೆಯ ಮನೆ, ಕೊಂಡ ಮೇಲೆ ಒಳಗೆ ಗೋಡೆ ಎಬ್ಬಿಸಿ ಅಚ್ಚಿಗೆ ಹೊಂದಿಸಿದ್ದು. ಕಣ್ಣು ಹೋದ ಮೇಲೆ ಸಿಸ್ಟರಿಗೆ ಜೆರುಸಲೇಮಿನ ಮನೆಗೂ ಇದಕ್ಕೂ ಇರುವ ವ್ಯತ್ಯಾಸವೇ ಅಳಿಸಿಹೋಗಿತ್ತು. ಚಾಪೆಲ್ಲಿನ ಬಾಗಿಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲೆತ್ತುತ್ತಿದ್ದರು. ಬರೀ ಗೋಡೆಯ ಮುಂದೆ ನಿಂತು ನಲ್ಲಿ ತಿರುಗಿಸುವಂತೆ ಬೆರಳಾಡಿಸಿ, ಕೈ ಒರೆಸಿಕೊಳ್ಳುತ್ತಿದ್ದರು. ಕೆಲವು ತಿಂಗಳು ಕಳೆಯುವುದರಲ್ಲಿ ಆ ಮೆಟ್ಟಿಲಿಗೆ ನಾನೂ ಕಾಲೆತ್ತತೊಡಗಿದೆ.

ಬುಧವಾರ ನಮ್ಮ ದಿನ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯುತ್ತಿದ್ದೆ. ಖಡಕ್ ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿ, "ಇದನ್ನು ನಮ್ಮಲ್ಲಿ ಹಂಚಿನ ಬದಲಿಗೆ ಮಾಡಿಗೆ ಹೊದಿಸುದು ಡಾಕ್ಟ್ರಮ್ಮ, ತಿನ್ಲಿಕ್ಕೆ ಅಲ್ಲ" ಅನ್ನುತ್ತಿದ್ದರು. ನಿಮ್ಮ ನೀರುದೋಸೆ ತಿನ್ನೋದಕ್ಕಿಂತ ನೀರು ಕುಡಿಯೋದು ಛಲೋ ಎಂದು ನಾನೂ ಬಿಡುತ್ತಿರಲಿಲ್ಲ. ಹಲ್ಲಿಲ್ಲದ ಬಾಯಲ್ಲಿ ಚಹಾದಲ್ಲಿ ಅದ್ದಿ ಅದ್ದಿ ರೊಟ್ಟಿ ಪೂರ್ತಿ ತಿಂದು ಮುಗಿಸುತ್ತಿದ್ದರು. ಯಾರನ್ನೂ ದೂರಿದವರಲ್ಲ. ಹವಾಮಾನವನ್ನು ಮಾತ್ರ ಬೈಯುತ್ತಿದ್ದರು, ಅದೂ ಕೊಂಕಣಿಯಲ್ಲಿ, ದೇವರಿಗೆ ಗೊತ್ತಾಗಬಾರದೆಂಬಂತೆ ತಗ್ಗಿದ ದನಿಯಲ್ಲಿ.

ತಿಂದಾದ ಮೇಲೆ ಕಾರಿಡಾರಿನಲ್ಲಿ ಒಂದು ಸುತ್ತು. ಪ್ರತಿ ಬಾಗಿಲ ಚೌಕಟ್ಟು ಮುಟ್ಟಿ ಸಂತರ ಹೆಸರು ಹೇಳುತ್ತ ಜೆರುಸಲೇಮಿನಲ್ಲಿ ತಮ್ಮ ಆರ್ಡರಿನ ಮನೆಗಳ ಕತೆ ಹೇಳುತ್ತಿದ್ದರು. ಮೊದಲನೆಯದು ಕೋಟೆಗೋಡೆಯ ಕೆಳಗೆ ಬಾಡಿಗೆಯ ಎರಡು ಕೋಣೆ, ಕುಡಿಯುವ ನೀರು ಕತ್ತೆಯ ಮೇಲೆ ಬರುತ್ತಿತ್ತು. ಎರಡನೆಯದಕ್ಕೆ ತಗಡಿನ ಮಾಡು, ಒಂದು ಚಳಿಗಾಲ ಹಿಮದ ಭಾರಕ್ಕೆ ಕುಸಿಯಿತು. ಮೂರನೆಯದು ಆ ಊರಿನ ಬಿಳಿ ಕಲ್ಲಿನದು, ಅದೇ ಮೂಲ ಮನೆ. ಸಿಸ್ಟರ್ ಹೋಗುವ ಹೊತ್ತಿಗೆ ಎರಡು ದೇಶಗಳ ನಡುವೆ ಊರು ಎರಡಾಗಿತ್ತು. ತೋಟದ ಅಂಚಿನಲ್ಲೇ ಮುಳ್ಳುತಂತಿ. ಒಗೆದ ಬಟ್ಟೆ ಹಾರಿ ಆಚೆ ಬಿದ್ದರೆ ಬಿದ್ದಂತೆಯೇ, ತರಲು ಯಾರೂ ಹೋಗುವಂತಿಲ್ಲ. ಯಾರದೋ ತಲೆವಸ್ತ್ರವೊಂದು ತಂತಿಗೆ ಸಿಕ್ಕಿಕೊಂಡು ಎರಡು ವರ್ಷ ಅಲ್ಲೇ ಇತ್ತಂತೆ. ಕಿಟಕಿಯಿಂದ ನೋಡಿದರೆ ಯಾರೋ ಸಿಸ್ಟರು ಬೆನ್ನು ತಿರುಗಿಸಿ ನಿಂತ ಹಾಗೆ. ಊಟದ ಮೇಜಿನ ಸುತ್ತ ಎಣಿಸುವಾಗ ತಾವೆಲ್ಲ ಒಬ್ಬರನ್ನು ಹೆಚ್ಚಿಗೆ ಎಣಿಸುತ್ತಿದ್ದೆವು ಎನ್ನುತ್ತಿದ್ದರು.

ಹೀಗೆ ಹೇಳುತ್ತ ಏಳು ಬಾಗಿಲು ಮುಟ್ಟುತ್ತಿದ್ದರು. ಎಂಟನೆಯದು ಬಂದಾಗ ಕೈಯನ್ನು ಕಾರ್ಡಿಗನ್ನಿನ ತೋಳಿನೊಳಕ್ಕೆ ಎಳೆದುಕೊಂಡು ತಿರುಗಿಬಿಡುತ್ತಿದ್ದರು. ಅದರ ಫಲಕದಲ್ಲಿ ಸೇಂಟ್ ವೆರೋನಿಕಾ ಎಂದಿತ್ತು. ಒಳಗೆ ಮಡಚಿದ ಮೇಜುಗಳು, ಕ್ರಿಸ್ಮಸ್ ಗೋದಲಿಯ ಡಬ್ಬಿಗಳು. ಇಡೀ ಮನೆಯಲ್ಲಿ ಒಳ್ಳೆಯ ಬೆಳಕು ಬರುವ ರೂಮು ಅದೊಂದೇ, ಅದರಲ್ಲಿ ಯಾರೂ ಮಲಗುತ್ತಿರಲಿಲ್ಲ.

ಅದರ ಬಾಗಿಲ ಹತ್ತಿರ ನಿಂತರೆ ನೆಲ ಸಣ್ಣಗೆ ನಡುಗುತ್ತಿತ್ತು. ಡರ್ರ್ ಎಂದು ಸ್ವಲ್ಪ ಹೊತ್ತು, ನಿಂತು, ಮತ್ತೆ ಡರ್ರ್. ಪಕ್ಕದಲ್ಲೇ ಹಳಿ, ಟ್ಯೂಬ್ ಹೋಗುತ್ತದೆ, ಇನ್ನೇನು. ಹಾಗಂತ ಎರಡು ವರ್ಷ ನಂಬಿದ್ದೆ. ಒಂದು ಭಾನುವಾರ ಸಿಸ್ಟರ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಆ ದಿನ ಲೈನ್ ರಿಪೇರಿ, ರೈಲೇ ಇಲ್ಲ. ರಿಪ್ಲೇಸ್‌ಮೆಂಟ್ ಬಸ್ಸಿನಲ್ಲಿ ಒದ್ದಾಡಿಕೊಂಡು ಬಂದಿದ್ದೆ. ಕೇಕು ತಿಂದು, ಕೈ ತೊಳೆಯಲು ಹೋದವಳು ಆ ಬಾಗಿಲ ಮುಂದೆ ನಿಂತೆ. ಡರ್ರ್. ನಿಂತಿತು. ಮತ್ತೆ ಡರ್ರ್. ಸಿಸ್ಟರಿಗೆ ಹೇಳಿದೆ. ಅವರು ನಗಲಿಲ್ಲ, ಹೆದರಲೂ ಇಲ್ಲ. ಉದ್ದಕ್ಕೆ ಹೋಗುತ್ತದೋ ಬಿಟ್ಟು ಬಿಟ್ಟು ಬರುತ್ತದೋ ಎಂದಷ್ಟೇ ಕೇಳಿದರು. ಬಿಟ್ಟು ಬಿಟ್ಟು ಎಂದೆ. "ಹಾಗಾದ್ರೆ ತೋಳು" ಅಂದರು. ಏನು ಎಂದು ಕೇಳಿದರೆ ಚಹಾ ತಣ್ಣಗಾಯಿತು ಎಂದುಬಿಟ್ಟರು. ಫೋನಿನಲ್ಲಿ ಮಗಳಿಗೆ ಹೇಳಿದರೆ, ಅದು ಬಾಯ್ಲರ್ ಇರಬೇಕು ಮಮ್ ಎಂದು ಇಂಗ್ಲಿಷಿನಲ್ಲಿ ಮುಗಿಸಿದಳು. ಇರಬಹುದು.

ಈ ಫೆಬ್ರವರಿಯಲ್ಲಿ ಪತ್ರ ಬಂತು. ಎಂದಿನಂತೆ ನಾನೇ ಓದಿ ಹೇಳಲು ಕೂತೆ. ಈ ಸಲ ಮದರ್ ಕೂಡ ಅತಿಥಿಗಳ ಪಾರ್ಲರಿನಲ್ಲಿ ಬಂದು ಕೂತರು. ಜೆರುಸಲೇಮಿನ ಮೂಲ ಮನೆಗೆ ಒಬ್ಬ ಹೆಂಗಸು ಬರೆದ ಪತ್ರದ ನಕಲು ಅದು. ಅವಳ ಅಜ್ಜಿ ಆ ಮನೆಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳಂತೆ, ಓಣಿಗೆ ಬಾಗಿಲಿತ್ತಂತೆ. ಅರವತ್ತೇಳರ ಯುದ್ಧದ ಸಮಯ ಕೋಣೆಯನ್ನು ನೋಡಿಕೊಳ್ಳಿ ಎಂದು ಸಿಸ್ಟರುಗಳಿಗೆ ಹೇಳಿ ಹೋದವಳಿಗೆ ಮತ್ತೆ ಬರಲು ಆಗಲಿಲ್ಲ. ಇಡೀ ಮನೆಯನ್ನು ಕೇಳುತ್ತಿಲ್ಲ, ಆ ಒಂದು ಕೋಣೆ ಅಜ್ಜಿಯದು ಎಂದು ಬರೆದುಕೊಡಿ ಎಂದು ಕೇಳುತ್ತಿದ್ದಳು.

ಜೊತೆಗೆ ವಕೀಲರು ಸಿದ್ಧಪಡಿಸಿದ ಇನ್ನೊಂದು ಹಾಳೆ. ಮನೆಯಲ್ಲಿ ಮೊದಲಿನಿಂದಲೂ ಎಂಟು ರೂಮು ಇದ್ದವು ಎಂದು ಅಲ್ಲಿದ್ದವರಲ್ಲಿ ಬದುಕಿ ಉಳಿದ ಒಬ್ಬರೇ ಒಬ್ಬರು, ನಮ್ಮ ಸಿಸ್ಟರ್, ಸಹಿ ಮಾಡಬೇಕು. ಹಳೆಯ ನಕ್ಷೆಗಳೆಲ್ಲ ಯುದ್ಧದಲ್ಲಿ ಹೋಗಿದ್ದವು. ಆದರೆ ಲೋಕದ ಅವರ ಮನೆಗಳಲ್ಲೆಲ್ಲ ಎಂಟು ರೂಮೇ ಇರುವಾಗ, ಅಚ್ಚಿನಲ್ಲಿ ಎಂಟು ಇರದೆ ಹೇಗೆ ಎಂಬುದು ವಾದ. ಮದರ್ ಕೆಟ್ಟವರಲ್ಲ. ಆ ಊರಿನಲ್ಲಿ ಒಂದು ಕಲ್ಲು ಬಿಟ್ಟುಕೊಟ್ಟರೆ ನಾಳೆ ಗೋಡೆ ಕೇಳುತ್ತಾರೆ, ನಾಡಿದ್ದು ಮನೆ, ಅಲ್ಲಿ ಇನ್ನೂ ನಲವತ್ತು ಹೆಣ್ಣುಮಕ್ಕಳು ಓದುತ್ತಿದ್ದಾರೆ ಎಂದು ಅವರಿಗೆ ಭಯ.

ಸಿಸ್ಟರ್ ಸಹಿ ಮಾಡುವುದಿಲ್ಲ ಎಂದರು. ಆಮೇಲೆ ನನ್ನ ಪಕ್ಕಕ್ಕೆ ದೃಷ್ಟಿ ನೆಟ್ಟು, ಮದರ್ ಎದುರಿಗೇ ಕನ್ನಡದಲ್ಲಿ ಹೇಳಿದರು.

"ಆ ಫಲಕಕ್ಕೆ ಮೊಳೆ ಹೊಡೆದದ್ದು ನಾನು ಡಾಕ್ಟ್ರಮ್ಮ."

ಹೊಲಿಯುವವಳು ಎರಡು ವಾರಕ್ಕೆಂದು ಅಣ್ಣನ ಮನೆಗೆ ಹೋದಳು. ಬೀದಿಯಲ್ಲಿ ಖಾಲಿ ಕೋಣೆಗಳನ್ನು ಯಾರು ಯಾರೋ ಹೊಕ್ಕು ಕೂರುತ್ತಿದ್ದ ದಿನಗಳು. ಅವಳ ಕೋಣೆ ಉಳಿಯಲೆಂದೇ ಸಿಸ್ಟರುಗಳು ತಮ್ಮ ಕಾರಿಡಾರಿನ ಕೊನೆಯ ಗೋಡೆ ಒಡೆದು ಒಳದಾರಿ ಮಾಡಿದರು. ಮನೆಯಲ್ಲಿ ಎಲ್ಲರಿಗಿಂತ ಕಿರಿಯರು, ತೆಳ್ಳಗಿನವರು ನಮ್ಮ ಸಿಸ್ಟರೇ. ತೂತಿನಲ್ಲಿ ಮೊದಲು ನುಸುಳಿದವರೂ ಇವರೇ. ಒಳಗೆ ಹೊಲಿಗೆ ಮೆಷಿನ್ನು, ಸೂಜಿಯ ಕೆಳಗೆ ಒಂದು ಮಗುವಿನ ಫ್ರಾಕು, ತೋಳು ಅರ್ಧ ಹೊಲಿದದ್ದು. ಓಣಿಯ ಬಾಗಿಲಿಗೆ ಒಳಗಿನಿಂದ ಕಲ್ಲು ಕಟ್ಟಿದರು. ಎರಡು ವಾರ ಎರಡು ವರ್ಷವಾಯಿತು. ಬಟ್ಟೆ ಹಾಳಾಗಬಾರದೆಂದು ಆಗಿನ ಮದರ್ ಆ ಫ್ರಾಕು ಕತ್ತರಿಸಿ ಒರೆಸುವ ಬಟ್ಟೆ ಮಾಡಿಸಿದರು, ಸಿಸ್ಟರ್ ಅದರಲ್ಲೇ ಚಾಪೆಲ್ಲಿನ ಬೆಂಚು ಒರೆಸಿದರು. ಹೆಸರಿಲ್ಲದ ರೂಮು ಇರಬಾರದೆಂದು ಫಲಕ ಬಂತು. ಫಲಕ ಬಂದ ಮೇಲೆ ರೂಮು ಅಚ್ಚಿಗೆ ಸೇರಿತು. ಆಮೇಲೆ ಎಲ್ಲಿ ಮನೆ ಮಾಡಿದರೂ ಎಂಟು. ಏಳು ಬಾಗಿಲಿನ ಹಳೆಯ ಮನೆಗಳು ಒಂದೊಂದಾಗಿ ಬಿದ್ದವು, ಮುಚ್ಚಿದವು. ಧಾರವಾಡದ್ದನ್ನೂ ಕೆಡವಿ ಹೊಸ ಬ್ಲಾಕು ಕಟ್ಟಿದ್ದಾರೆ.

ಮದರ್ ನನ್ನತ್ತ ನೋಡಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಸಿಸ್ಟರ ಕೈ ಸವರಿ, ನನ್ನನ್ನು ಬಾಗಿಲ ತನಕ ಕಳಿಸಲು ಬಂದಾಗ ಮೆಲ್ಲಗೆ ಕೇಳಿದರು, ಇಲ್ಲದ ನಲ್ಲಿಯಲ್ಲಿ ಕೈ ತೊಳೆಯುವವರ ಮಾತನ್ನು ಯಾರು ನಂಬುತ್ತಾರೆ ಎಂದು.

ಅದು ಸಿಸ್ಟರಿಗೂ ಗೊತ್ತಿತ್ತು. ಮುಂದಿನ ಬುಧವಾರ ಹೇಳಿದರು, "ನನ್ನ ತಲೆ ಕೆಟ್ಟಿದೆ ಅಂತಾರೆ, ಅನ್ಲಿ. ನಿಮ್ಮದು ಕೆಡ್ಲಿಲ್ಲ ಅಲ್ವಾ? ನಾನು ಒಂದು ಮಾತು ಹೇಳುವ ಮೊದಲೇ ನೀವು ಏಳು ಅಂದದ್ದು. ಅಲ್ಲಿಗೆ ಯಾರಾದ್ರೂ ಬಂದು ಹಣೆ ಬಡ್ಕೊಳ್ಳಲಿ ಅಂತ ನಾನು ಎಷ್ಟು ವರ್ಷ ಕಾದದ್ದು ಗೊತ್ತುಂಟಾ? ಧಾರವಾಡದಲ್ಲಿ ಏಳೇ ಇದ್ದದ್ದು ಅಂತ ಈಗ್ಲೇ ಬರೀರಿ. ಕಾಗದ ಅಲ್ಲಿ ಉಂಟು."

ನಾನು ಬರೆಯಲಿಲ್ಲ. ಮುಂದಿನ ವಾರ ಬರೀತೀನ್ರಿ, ಗೆಳತಿಯೊಬ್ಬಳನ್ನ ಕೇಳಿ ಖಾತ್ರಿ ಮಾಡಿಕೊಳ್ತೀನಿ ಎಂದೆ. ಅದು ಅರ್ಧ ನಿಜ. ಉಳಿದರ್ಧ ಹೇಳಲು ಈಗ ನಾಚಿಕೆಯಾಗುತ್ತದೆ. ನನಗೆ ಅಕ್ಷರ, ಇಂಗ್ಲಿಷು, ಚಮಚ ಹಿಡಿಯುವ ರೀತಿ ಎಲ್ಲ ಕಲಿಸಿದವರು ಆ ಸಿಸ್ಟರುಗಳು. ಅವರ ವಿರುದ್ಧ ಕೋರ್ಟಿನ ಕಾಗದದಲ್ಲಿ ನನ್ನ ಹೆಸರು ಬೀಳುವುದು ಬೇಡವಾಗಿತ್ತು. ಸಿಸ್ಟರ್ ಒತ್ತಾಯ ಮಾಡಲಿಲ್ಲ. ಕಾಗದವನ್ನು ತಾವೇ ಡ್ರಾಯರಿನಲ್ಲಿಟ್ಟು, ರೊಟ್ಟಿ ಎಲ್ಲಿ ಎಂದು ಕೇಳಿದರು. ಆ ಭಾನುವಾರ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ, ಬೆಂಚಿನ ಮೇಲೆ ಕೂತಿದ್ದ ಹಾಗೆಯೇ ಹೋದರು.

ಮಣ್ಣು ಮಾಡಿ ಬಂದ ಮೇಲೆ ಚಹಾ ಕೊಡುತ್ತ ಮದರ್, ಆ ರೂಮಿನ ವಿಷಯ ಅವರ ಜೊತೆಗೇ ಹೋಗಲಿ ಎಂದರು. ಮನೆಗೆ ಬಂದು ಹಾಳೆ ಹರವಿಕೊಂಡು ಕೂತೆ. ಧಾರವಾಡದ ಕಾರಿಡಾರನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳೋಣವೆಂದು ಕಣ್ಣು ಮುಚ್ಚಿದೆ. ಸೇಂಟ್ ಆನ್, ಸೇಂಟ್ ಜೋಸೆಫ್, ಸೇಂಟ್ ಮಾರ್ಥಾ, ಒಂದೊಂದೇ ಬಂದವು. ಏಳು ಮುಗಿಯಿತು. ಅಂಗಳದ ಬಿಸಿಲಿರಬೇಕಾದಲ್ಲಿ ಎಂಟನೆಯ ಬಾಗಿಲು ನಿಂತಿತ್ತು.

ಕಣ್ಣು ತೆರೆದು ನೀರು ಕುಡಿದೆ. ಮತ್ತೆ ಮುಚ್ಚಿದೆ. ಇತ್ತು. ಮಾರನೆಯ ದಿನವೂ ಇತ್ತು. ಬಾವಿ ಎಲ್ಲಿ ಎಂದು ಹುಡುಕಿದರೆ ಬಾವಿ ಸಿಗಲಿಲ್ಲ. ಧಾರವಾಡದಲ್ಲೇ ಉಳಿದ ಕ್ಲಾಸ್‌ಮೇಟಿಗೆ ವಾಟ್ಸಾಪ್ ಕಾಲ್ ಮಾಡಿದೆ. ಅವಳು ನಕ್ಕು, "ಎಂಟ ಇರಬೇಕಲೇ. ಏಳೋ ಎಂಟೋ, ಯಾರ ಎಣಿಸ್ಯಾರ? ನನ್ನ ಮೊಣಕಾಲಿನ ಆಪರೇಶನ್ ಬಗ್ಗೆ ಕೇಳೇ ಇಲ್ಲಲ್ಲ ನೀ" ಅಂದಳು. ಅವಳ ಮೊಣಕಾಲಿನ ಕತೆ ಕೇಳುತ್ತ ಕಣ್ಣು ಮುಚ್ಚಿದರೆ ಬಾಗಿಲು ಸ್ವಲ್ಪ ತೆರೆದಿತ್ತು.

ಹತ್ತು ದಿನ ಹೀಗೇ. ಆಮೇಲೆ ನಾನು ಹೆದರಿಕೆ ಬಿಟ್ಟು, ಆ ಬಾಗಿಲನ್ನು ಸರಿಯಾಗಿ ನೋಡಿದೆ. ನೇರವಾಗಿ ನೋಡಿದರೆ ಬರೀ ಕಪ್ಪು. ಒಂದು ಗೇಣು ಪಕ್ಕಕ್ಕೆ ನೋಡಿದಾಗ ಹೊಸ್ತಿಲು ಕಂಡಿತು.

ನಿನ್ನೆ ಬುಧವಾರ. ಬೆಳಿಗ್ಗೆಯೇ ಮದರ್ ಹತ್ತಿರ ಹೋಗಿ, ಬರೆಯಬೇಕೆಂದಿದ್ದೇನೆ ಅಂದೆ. ಅವರು ಬಾಗಿಲು ಹಾಕಿ ಎದುರಿಗೆ ಕೂತರು. ನೀವು ಬರೆದುಕೊಟ್ಟರೆ ನಾನು ಅದನ್ನು ಕಳಿಸಲೇಬೇಕು, ಹರಿದುಹಾಕುವವಳಲ್ಲ, ಆದ್ದರಿಂದ ಖಾತ್ರಿಯಿದ್ದರೆ ಮಾತ್ರ ಬರೆಯಿರಿ ಎಂದು ನೇರವಾಗಿ ಹೇಳಿದರು. ಖಾತ್ರಿ ಇದೆಯೇ?

ಇಲ್ಲ ಎಂದೆ. ಈಗ ಕಣ್ಣು ಮುಚ್ಚಿದರೆ ಎಂಟು ಕಾಣುತ್ತದೆ ಎಂದೂ ಹೇಳಿದೆ.

"ಹಾಗಿದ್ದರೆ ಏಳು ಅಂತ ಯಾಕೆ ಬರೆಯುತ್ತೀರಿ?"

ನಾನು ಅವರಿಗೆ ಧಾರವಾಡದ ಮಣ್ಣಿನ ಬಗ್ಗೆ ಹೇಳಬೇಕಾಯಿತು. ನಮ್ಮದು ಕೆಂಪು ಮಣ್ಣು, ಮದರ್. ಮಳೆಗಾಲ ಬಂತೆಂದರೆ ಎಲ್ಲ ಬಾಗಿಲ ಬುಡಕ್ಕೂ ಒಂದು ಮೊಳ ಕೆಂಪು ಹತ್ತುತ್ತಿತ್ತು, ಶನಿವಾರ ಶನಿವಾರ ನಾವು ಹುಡುಗಿಯರೇ ಕೂತು ತಿಕ್ಕುತ್ತಿದ್ದೆವು, ತಿಕ್ಕಿದರೂ ಹೋಗುತ್ತಿರಲಿಲ್ಲ. ನನಗೆ ಕಾಣುವ ಏಳು ಬಾಗಿಲಿಗೂ ಆ ಕೆಂಪಿದೆ. ಎಂಟನೆಯದರ ಬುಡದಲ್ಲಿ ಬಿಳಿ ಧೂಳು, ಕಲ್ಲು ಒಡೆದಾಗ ಏಳುವಂಥದ್ದು. ಅಂಥ ಬಿಳಿ ಕಲ್ಲು ನಮ್ಮೂರಿನಲ್ಲಿ ಎಲ್ಲೂ ಇಲ್ಲ. ನಾನು ಆ ಬಾಗಿಲನ್ನು ಯಾವತ್ತೂ ನೋಡಿಲ್ಲ, ನೋಡಿದವರು ಬೇರೆ. ಹೋಗುವಾಗ ಅದನ್ನು ನನ್ನ ಹತ್ತಿರ ಬಿಟ್ಟುಹೋಗಿದ್ದಾರೆ, ಅಷ್ಟೆ.

ಮದರ್ ಎದ್ದು ಒಂದು ಹಾಳೆ, ತಮ್ಮ ಪೆನ್ನು ತಂದು ನನ್ನ ಮುಂದೆ ಇಟ್ಟರು. ನಾನು ಕಲಿತದ್ದು ಯಾವ ಶಾಲೆ, ಯಾವ ವಯಸ್ಸಿನಿಂದ ಯಾವ ವಯಸ್ಸಿನವರೆಗೆ, ಎಲ್ಲ ಕಾನ್ವೆಂಟಿನ ದುಂಡು ಅಕ್ಷರದಲ್ಲಿ ಬರೆದೆ. ರೂಮುಗಳ ಲೆಕ್ಕ ಬಂದಾಗ ಕೈ ತಡೆಯಿತು. ಕಣ್ಣು ಮುಚ್ಚಲಿಲ್ಲ. ಏಳು ಎಂದು ಬರೆದೆ. ಅಂಕಿಯಲ್ಲಲ್ಲ, ಅಕ್ಷರದಲ್ಲಿ. ಮುಂದೆ ಯಾರೂ ಅದನ್ನು ತಿದ್ದಬಾರದು, ಎಲ್ಲರಿಗಿಂತ ಮೊದಲು ನಾನೇ ತಿದ್ದಬಾರದು.